ಗೋಡೆಯ ತೂತಿಗೆ ಅರ್ಧ ಕಾಂಗ್ಡಿ

ಬಾರಾಮುಲ್ಲಾ
ಜನವರಿ ೧೪

ನನ್ನ ಪ್ರೀತಿಯ ಅಬ್ಬಾ,

ಇಲ್ಲಿ ಅತ್ತೆಮನೆಯ ಹಮಾಮು ಗ್ಯಾಸಿನಲ್ಲಿ ಉರಿಯಿತು, ಇಡೀ ಮನೆ ಬೆಚ್ಚಗೆ ಮಲಗಿತು, ಬೆಳಿಗ್ಗೆ ಎಲ್ಲರೂ ಎದ್ದೆವು! ಎಲ್ಲರೂ, ಅಬ್ಬಾ! ಇದನ್ನು ಹೇಳಿಬಿಡದಿದ್ದರೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ. ಈಗ ಸಲಾಮು. ಹೇಗಿದ್ದೀರಿ? ಹಾಜ್ರಾ ಸೋದರತ್ತೆಯ ಮಂಡಿನೋವು ಹೇಗಿದೆ? ಇಷ್ಟು ದಿನ ಬರೆಯದಿದ್ದುದಕ್ಕೆ ಕಿವಿ ಹಿಡಿದುಕೊಂಡಿದ್ದೇನೆ, ಬೈಯಬೇಡಿ. ಫೋನಿರುವಾಗ ಕಾಗದವೇಕೆ ಎಂದು ಬಾಸಿತ್ ನಗುತ್ತಾರೆ. ಫೋನಿನಲ್ಲಿ ನಾನು 'ಹಮಾಮು' ಎಂದರೆ ಸಾಕು, ನೀವು "ತಗೋ, ಸೋದರತ್ತೆ ಹತ್ರ ಮಾತಾಡು" ಎಂದು ಕೊಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಕೊಟ್ಟುಬಿಡಲು ಬರುವುದಿಲ್ಲ. ಸೋದರತ್ತೆಗೆ ಕನ್ನಡಕವಿಲ್ಲದೆ ಓದಲಾಗುವುದಿಲ್ಲ, ಕನ್ನಡಕ ಎಲ್ಲಿಟ್ಟಿದ್ದಾರೆಂದು ಅವರಿಗೇ ಗೊತ್ತಿರುವುದಿಲ್ಲ!

ಅಮ್ಮಿ ಸ್ನಾನಕ್ಕೆ ಹೋಗಿ ಹೊರಗೆ ಬಾರದ ದಿನದಿಂದ ಅನಂತನಾಗಿನ ನಮ್ಮ ಗ್ಯಾಸ್ ಹಮಾಮಿಗೆ ಬೀಗ. ಪ್ರತಿ ಚಳಿಗಾಲದಲ್ಲೂ ನೀವು ಎರಡು ರಜಾಯಿ ಹೊದ್ದು ಕೂತು, ಕೆಮ್ಮುತ್ತ, "ನನಗೇನು ಚಳಿ ಇಲ್ಲಪ್ಪ" ಎನ್ನುತ್ತೀರಿ. ಕಳೆದ ವರ್ಷ ಆ ಕೆಮ್ಮು ಎದೆಗಿಳಿದು ಆಸ್ಪತ್ರೆಗೆ ಓಡಿದ್ದು ಮರೆತಿಲ್ಲ. ಆ ಬೀಗ ತೆಗೆಸಲೆಂದೇ ಈ ಕಾಗದ. ಮುಚ್ಚುಮರೆ ಯಾಕೆ?

ಬೀಗರಿಗೆಂದು ನೀವು ಕಳಿಸಿದ ಕುರಿಮಾಂಸದ ಹರೀಸಾ ತಲುಪಿತು. ಮೇಲೆ ಬಿಸಿ ಎಣ್ಣೆ ಸುರಿದಾಗ ಎದ್ದ ಚುಯ್ ಎಂಬ ಸದ್ದಿಗೇ ಮಾವ ಕಣ್ಣು ಮುಚ್ಚಿಕೊಂಡರು. ಅತ್ತೆ ಪಾತ್ರೆಯ ತಳವನ್ನು ರೊಟ್ಟಿಯಲ್ಲಿ ಒರೆಸುತ್ತ, "ನಿಮ್ಮಪ್ಪ ಸೊಸೇನ ಕೊಟ್ಟಿದ್ದೇ ಸಾಕಿತ್ತು. ಹರೀಸಾ ಬೇರೆ ಕೊಟ್ಟು ನಮ್ಮನ್ನ ಸಾಲಗಾರರನ್ನ ಮಾಡಿಟ್ರು!" ಎಂದರು. ಈ ಅತ್ತೆ ಸಿಕ್ಕಿದ್ದಕ್ಕೆ ಅಲ್ಲಾಹನಿಗೆ ಎಷ್ಟು ಶುಕ್ರ್ ಹೇಳಿದರೂ ಸಾಲದು, ಅಬ್ಬಾ.

ಇಲ್ಲಿಯ ಹಮಾಮೂ ನಮ್ಮದರಂತೆಯೇ, ಕೆಳಗೆ ಉರಿ, ಮೇಲೆ ಎಲ್ಲರೂ ಮಲಗುವ ಕಲ್ಲುಹಾಸು, ಪಕ್ಕದ ಸ್ನಾನದ ಮನೆಯಲ್ಲಿ ಒಲೆಬಾಯಿ; ಆದರೆ ಮೊನ್ನೆಮೊನ್ನೆಯವರೆಗೂ ಸೌದೆಯದು. ಅತ್ತೆಗೆ ಹೊಗೆಯಿಂದ ಉಬ್ಬಸ. ಮದುವೆಯಾದ ವಾರದಲ್ಲೇ ಬಾಸಿತ್ "ಗ್ಯಾಸ್ ಬರ್ನರ್ ಹಾಕಿಸಿಬಿಡೋಣ" ಎಂದಾಗ ನನಗೆ ಅಮ್ಮಿಯೇ ಕಣ್ಣ ಮುಂದೆ ಬಂದರು. ಅದನ್ನು ಅವರಿಗೆ ಹೇಳಲಿಲ್ಲ. ಆದರೆ ಬೇಡವೆನ್ನಲೂ ಇಲ್ಲ. ಪಟ್ಟು ಹಿಡಿದೆ ಅಷ್ಟೆ: ಮಾಡುವುದಾದರೆ ಸರಿಯಾಗಿ, ಅರ್ಧಂಬರ್ಧ ಬೇಡ.

ಮಂಜೂರ್ ಉಸ್ತಾದ್ ಎಂಬ ಫಿಟ್ಟರ್ ಬಂದರು. ಮೊದಲು ಚಿಮಣಿ ಗುಡಿಸಿ ಎಂದೆ. ಉಸ್ತಾದ್ ಬಾಸಿತ್ ಕಡೆ ತಿರುಗಿ, "ಏನಪ್ಪ, ಹೊಸ ಮದುಮಗಳು ಬಳೆ ಕೇಳ್ತಾಳೆ, ಶಾಲು ಕೇಳ್ತಾಳೆ. ನಿನ್ನವಳು ಮಸಿ ಕೇಳ್ತಾಳಲ್ಲೋ!" ಎಂದರು. ಗುಡಿಸಿದಾಗ ಬಕೆಟ್ಟು ಬಕೆಟ್ಟು ಮಸಿಯ ಜೊತೆ ಇಡೀ ಒಂದು ಕಾಗೆಗೂಡು ಬಿತ್ತು. ಆಮೇಲೆ ಅವರೇ ನಗುವುದನ್ನು ಬಿಟ್ಟರು. ಹಮಾಮಿನ ಕಲ್ಲುಹಾಸಿನ ಕೆಳಗೆ ಒದ್ದೆ ಹುಲ್ಲು ಹೊತ್ತಿಸಿ ನಮ್ಮನ್ನೆಲ್ಲ ಮೇಲೆ ಕೂರಿಸಿ, "ಎಲ್ಲಿ ಹೊಗೆ ಬಂತು ಕೂಗಿ" ಎಂದರು. ಮೂಲೆಯ ಒಂದು ಸಂದಿಯಿಂದ ನೂಲಿನಷ್ಟು ಹೊಗೆ ಎದ್ದಾಗ ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಮನೆಯವರು ಬಂದರು. ಆ ಸಂದಿಯನ್ನೂ ಮೆತ್ತಿದ್ದಾಯಿತು.

ಸಿಲಿಂಡರುಗಳಿಗೆ ಮನೆಯ ಹೊರಗೇ ತಗಡಿನ ಗೂಡು. ಚಳಿಗೆ ಗ್ಯಾಸ್ ಹೆಪ್ಪುಗಟ್ಟುತ್ತದೆಂದು ಎಲ್ಲರೂ ಒಳಗೆ, ಒಲೆಯ ಪಕ್ಕದಲ್ಲೇ ಇಡುತ್ತಾರಲ್ಲ, ಅದು ಬೇಡವೇ ಬೇಡ ಎಂದೆ. ಅತ್ತೆ, "ಪಾಪ, ಅದಕ್ಕೂ ಒಂದು ಉಣ್ಣೆಯ ಫಿರನ್ ಹೊಲಿಸಿ ಹಾಕು!" ಎಂದು ಛೇಡಿಸಿದರು. ಒಳಗೆ ಬರುವುದು ತಾಮ್ರದ ಕೊಳವೆ ಮಾತ್ರ. ಅದರ ಪ್ರತಿ ಜೋಡಣೆಗೂ ಸೋಪುನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಿದೆವು. ಉರಿ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವ ಕವಾಟವಿದೆ. ವಿಷಗಾಳಿ ತುಂಬಿದರೆ ಅರಚುವ ಪುಟ್ಟ ಡಬ್ಬಿಯೊಂದನ್ನು ಮಲಗುವ ಕಡೆ ಗೋಡೆಗೆ ಹಾಕಿದ್ದೇವೆ. ಮಲಗುವ ಮೊದಲು ಬರ್ನರ್ ಆರಿಸಿಬಿಡುತ್ತೇವೆ, ಕಲ್ಲು ಬೆಳಗಿನವರೆಗೂ ಬೆಚ್ಚಗಿರುತ್ತದೆ. ಕೊನೆಯದಾಗಿ ಒಲೆಬಾಯಿಯ ಪಕ್ಕ ನೆಲಮಟ್ಟದಲ್ಲಿ ಗೋಡೆಗೆ ಒಂದು ತೂತು. ಉರಿಗೆ ಗಾಳಿ ಬರಬೇಕು. ಗ್ಯಾಸ್ ಸೋರಿದರೆ ನೀರಿನಂತೆ ತಗ್ಗಿಗಿಳಿಯುತ್ತದೆ, ಅದು ಹೊರಗೆ ಹೋಗಬೇಕು. "ಈ ತೂತು ಮನೆಯ ಮೂಗು. ಇದನ್ನ ಯಾರೂ ಮುಟ್ಟಬಾರದು" ಎಂದರು ಉಸ್ತಾದ್.

ಮೊದಲ ಬೆಳಿಗ್ಗೆ ಎದ್ದವಳೇ ಒಬ್ಬೊಬ್ಬರ ಮೂಗಿನ ಹತ್ತಿರ ಕೈಯಿಟ್ಟು ನೋಡಿದೆ. ಮಾವ ಕಣ್ಣು ಬಿಡದೆಯೇ, "ಇನ್ನೂ ಇದ್ದೀನಮ್ಮ, ಚಹಾ ಮಾಡು" ಎಂದರು! ಅತ್ತೆಗೆ ಕೆಮ್ಮೇ ಇಲ್ಲ. ಕುಣಿಯಬೇಕೆನ್ನಿಸಿತು. ಸ್ವಲ್ಪ ಕುಣಿದೆ ಕೂಡ.

ಆಮೇಲೊಂದು ದಿನ ಜೋರಾಗಿ ಹಿಮ ಬಿತ್ತು. ನಾನು ಸ್ನಾನಕ್ಕೆಂದು ಹೋದರೆ ಬರ್ನರಿನ ನೀಲಿ ಉರಿ ಹಳದಿಯಾಗಿ, ಸೋಮಾರಿ ನಾಲಗೆಯಂತೆ ಆಡುತ್ತಿತ್ತು. ಬಗ್ಗಿ ನೋಡಿದೆ. ತೂತಿನಲ್ಲಿ ಯಾರೋ ಹಳೆಯ ಫಿರನ್ ತುರುಕಿದ್ದರು.

ಅಬ್ಬಾ, ನಾನು ಬರ್ನರ್ ಆರಿಸಿ, ಫಿರನ್ ಎಳೆದು ಹಾಕಿ, ಕಿಟಕಿ ಬಾಗಿಲೆಲ್ಲ ತೆರೆದು, "ಯಾರು ಮಾಡಿದ್ದು ಇದು? ಯಾರಿಗೆ ಸಾಯಬೇಕಾಗಿತ್ತು?" ಎಂದು ಕಿರುಚಿದೆ. ಗೋರಂಟಿ ಮಾಸದ ಕೈಯ ಸೊಸೆ! ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮೆಲ್ಲಗೆ, "ನಾನೇ ಕಣೇ. ಸ್ನಾನಕ್ಕೆ ಹೋಗ್ತೀಯ, ತಣ್ಣನೆ ಗಾಳಿ ಕಾಲಿಗೆ ಬಡಿಯುತ್ತೆ, ನಿನಗೆ ನೆಗಡಿ ಆಗುತ್ತೆ ಅಂತ..." ಎಂದರು.

ನಾನು ಹೊರಗೆ ಓಡಿ ಹಿಮದ ಮೇಲೇ ಕೂತು ಅತ್ತುಬಿಟ್ಟೆ. ಅಮ್ಮಿ ಹೇಗೆ ಹೋದರೆಂದು ಹಿಂದೆಯೇ ಬಂದ ಅತ್ತೆಗೆ ಮೊದಲ ಬಾರಿ ಹೇಳಿದೆ. ಬೈಯುತ್ತಾರೆ, ಬಾಸಿತ್‌ಗೆ ದೂರು ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಒಳಗೆ ಹೋಗಿ, ಕೆಂಡ ತುಂಬಿ ಚಳಿಗೆ ಮಡಿಲಲ್ಲಿಟ್ಟುಕೊಳ್ಳುವ ತಮ್ಮ ಕಾಂಗ್ಡಿ ತಂದರು. ತಮ್ಮ ಮದುವೆಯಲ್ಲಿ ಬಂದದ್ದು, ಕನ್ನಡಿ ಚೂರು ಕೂರಿಸಿದ್ದು, ಯಾರಿಗೂ ಮುಟ್ಟಗೊಡದದ್ದು. ಒಳಗಿನ ಕೆಂಡದ ಮಡಕೆಯನ್ನು ತೆಗೆದಿಟ್ಟು, ಹೊರಗಿನ ಬೆತ್ತದ ಬುಟ್ಟಿಯನ್ನು ಸೇಬಿನ ರೆಂಬೆ ಕತ್ತರಿಸುವ ಕತ್ತರಿಯಿಂದ ಎರಡು ಹೋಳು ಮಾಡಿದರು. ಒಂದು ಹೋಳನ್ನು ತೂತಿನ ಮೇಲೆ ಉಬ್ಬಾಗಿ ನಿಲ್ಲಿಸಿ ಮೊಳೆ ಹೊಡೆದರು. ಗಾಳಿ ಆಡುತ್ತದೆ, ಬಟ್ಟೆ ತುರುಕಲು ಆಗುವುದಿಲ್ಲ!

"ಇನ್ನು ಯಾರಾದ್ರೂ ಇದಕ್ಕೆ ಕೈ ಹಾಕ್ಲಿ, ಆ ಕೈ ಮುರೀತೀನಿ. ಮೊದಲು ನಂದೇ" ಎಂದರು. ಆಮೇಲೆ ನನ್ನ ತಲೆಯನ್ನು ಎದೆಗೊತ್ತಿಕೊಂಡು, "ನಿನ್ನ ಕಂಟಕವೆಲ್ಲ ನನಗಿರಲಿ, ಮಗಳೇ" ಎಂದರು. ಅಮ್ಮಿ ಹೋದ ಮೇಲೆ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಈಗ ಆ ಬೆಚ್ಚಗಿನ ಕಲ್ಲಿನ ಮೇಲೆ ಕೂತೇ ಬರೆಯುತ್ತಿದ್ದೇನೆ. ಕೂಸಿನ ಬೆನ್ನಿನಂತಿದೆ ಈ ಬಿಸಿ. ನೀವು ನನ್ನನ್ನು ಈ ಮನೆಗೆ ಕೊಟ್ಟಿರಿ, ಅದಕ್ಕೆ ನಿಮ್ಮ ಕೈಗೆ ಮುತ್ತು. ಅಲ್ಲಾಹ್ ನಿಮ್ಮ ಎದೆಯನ್ನು ಬೆಚ್ಚಗಿಡಲಿ, ಸೋದರತ್ತೆಯ ಮಂಡಿಯನ್ನೂ. ನನಗೂ ಬಾಸಿತ್‌ಗೂ ನಿಮ್ಮ ದುವಾ ಇರಲಿ.

ನಿಮ್ಮ ಬಾಯಿಬಡುಕಿ ಮಗಳು,
ಮಸರ್ರತ್

ಮರೆತೆ: ಮರೆತಿಲ್ಲ, ಅಬ್ಬಾ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಬೆಳಿಗ್ಗೆ ಅಮ್ಮಿ "ಕಾಲು ಸೆಟೀತಿದೆ" ಎಂದಾಗ ನೀವು ನಿಮ್ಮ ಕಂದು ಫಿರನ್ ಬಿಚ್ಚಿ ನಮ್ಮ ಹಮಾಮಿನ ತೂತಿಗೆ ತುರುಕಿದ್ದನ್ನು ನಾನು ನೋಡಿದ್ದೆ. ಸ್ಕೂಲಿಗೆ ಹೊರಟು ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ನೀವು ಯಾವ ಫಿರನ್ನನ್ನೂ ತೊಡಲಿಲ್ಲ, ಯಾವ ಬೆಂಕಿಯ ಹತ್ತಿರವೂ ಕೂರಲಿಲ್ಲ. ನಿಮಗೆ ನೀವೇ ಕೊಟ್ಟುಕೊಂಡ ಶಿಕ್ಷೆ ಅದೆಂದು ನನಗೆ ಗೊತ್ತು. ಆ ತೂತು ಯಾಕಿದೆಯೆಂದು ನಿಮಗೆ ಯಾರೂ ಹೇಳಿರಲಿಲ್ಲ. ಇಲ್ಲಿ ಹೇಳಿದ್ದರು, ಆದರೂ ನನ್ನ ಅತ್ತೆ ಮುಚ್ಚಿದರು, ನನ್ನ ಮೇಲಿನ ಅಕ್ಕರೆಗೆ. ನಾನು ಅವರನ್ನು ತಬ್ಬಿಕೊಂಡೆ. ಅವರನ್ನು ತಬ್ಬಿಕೊಂಡವಳು ನಿಮ್ಮನ್ನು ಬಿಡುತ್ತೇನೆಯೇ?

ಕಾಂಗ್ಡಿಯ ಇನ್ನೊಂದು ಹೋಳನ್ನು ಅತ್ತೆ ಶಾಲಿನಲ್ಲಿ ಸುತ್ತಿ ಕೊಟ್ಟಿದ್ದಾರೆ: "ಇದು ನಿಮ್ಮಪ್ಪನ ಗೋಡೆಗೆ." ನನ್ನ ಜೊತೆ ಬಾಸಿತ್ ಬರುತ್ತಾರೆ, ಮಂಜೂರ್ ಉಸ್ತಾದರೂ ಉಪಕರಣದ ಚೀಲ ಹೊತ್ತು ಬರುತ್ತಾರೆ. ನೀವು ಬೀಗದ ಕೈ ಹುಡುಕಿಡಿ, ಸಾಕು. ಮತ್ತೆ ಆ ಕಂದು ಫಿರನ್ ತೊಟ್ಟು ನಮ್ಮನ್ನು ಕರೆದುಕೊಳ್ಳಲು ಅನಂತನಾಗ್ ಸ್ಟೇಷನ್ನಿಗೆ ಬನ್ನಿ. ಸೋದರತ್ತೆ ಅದನ್ನು ಪೆಟ್ಟಿಗೆಯ ತಳದಲ್ಲಿ ಎತ್ತಿಟ್ಟಿದ್ದಾರೆ, ನನಗೆ ಗೊತ್ತು. ಶನಿವಾರ, ಬಾರಾಮುಲ್ಲಾದಿಂದ ಬನಿಹಾಲ್‌ಗೆ ಹೋಗುವ ಬೆಳಗಿನ ಮೊದಲ ರೈಲು.