ಪ್ರವೋಕ್ ಎಂಬ ಪದ

ಮಾರ್ಚ್ ೯, ಸೋಮವಾರ

ಪ್ರವೋಕ್. ಈ ಹಾಳು ಪದ ಬೆಳಗಿನಿಂದ ತಲೆ ತಿನ್ನುತ್ತಿದೆ.

ಹೆಂಡತಿಯನ್ನು ಕತ್ತರಿಯಿಂದ ಹದಿನೇಳು ಸಲ ತಿವಿದು ಕೊಂದ ದರ್ಜಿ, ಹೋದ ತಿಂಗಳು ಕಟಕಟೆಯಲ್ಲಿ ನಿಂತು, "ಎದುರು ಮಾತಾಡಿದ್ಲು ಸ್ವಾಮಿ, ಚುಚ್ಚಿದೆ" ಅಂದಿದ್ದ. ನಾನು ಕೋರ್ಟಿನ ದುಭಾಷಿ. ಇಂಗ್ಲಿಷಿನಲ್ಲಿ 'ಆನ್ಸರ್ಡ್ ಬ್ಯಾಕ್' ಅಂದಿದ್ದರೆ ಸಾಕಿತ್ತು. ಸಪ್ಪೆ ಎನಿಸಿ 'ಪ್ರವೋಕ್ಡ್' ಅಂದೆ. ಅಂದರೆ, ಅವಳೇ ಕೆಣಕಿ ಕೆರಳಿಸಿದಳು. ಅವನು ಹಾಗೆ ಅಂದೇ ಇರಲಿಲ್ಲ. ಕೆರಳಿ ಕೊಂದವನಿಗೆ ಕಾನೂನಿನಲ್ಲಿ ಶಿಕ್ಷೆ ಕಮ್ಮಿ; ಅವನ ವಕೀಲ ಅದೊಂದು ಪದವನ್ನೇ ಹಿಡಿದು ಜಗ್ಗಿದ. ಇವತ್ತು ತೀರ್ಪು: ಜೀವಾವಧಿ ಇಲ್ಲ, ಏಳೇ ವರ್ಷ.

ಕೋರ್ಟಿನ ಮೆಟ್ಟಿಲ ಮೇಲೆ ಸತ್ತವಳ ತಾಯಿ ನನ್ನ ಕೊರಳಪಟ್ಟಿ ಹಿಡಿದಳು.

"ಅವತ್ತು ಅವರ ಮನೆ ಬಾಗಿಲಾಚೆ ನಿಂತಿದ್ದೆ ಕಣೋ. 'ಹೊಡೀಬೇಡಿ' ಅಂದ್ಲು, ಅಷ್ಟೇ. ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ? ಹೇಳು!"

ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಇಂಗ್ಲಿಷ್. ಕೆನ್ನೆಗೆ ಬಾರಿಸಿದಳು. ತುಟಿ ಒಡೆಯುವ ತನಕ ಬಾರಿಸಿದಳು.

ನಾನು ಎದುರು ಮಾತಾಡಲಿಲ್ಲ.