ಕೊರಳ ಸುತ್ತಳತೆ

ಅವ್ವಾ,

ನಿನ್ನ ಹೊಲಿಗೆ ಮಷೀನಿನ ಮೇಲೆಯೇ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲೆ ಬಿಡಿಸಿ ನನ್ನನ್ನು ಇದರ ಮುಂದೆ ಕೂರಿಸಿದವಳು ನೀನೇ. ತಪ್ಪು ಕಂಡರೆ ಬೈಯಬೇಡ. ಬಾಯಿಬಿಟ್ಟು ಹೇಳಲು ನನಗೆ ಯಾವತ್ತು ಬಂದಿದೆ? ಬರೆದರೆ ನಾಲ್ಕು ಮಾತು ಬರುತ್ತಿದ್ದವು. ಇವತ್ತು ಅವೂ ಕೈಗೆ ಸಿಗುತ್ತಿಲ್ಲ. ನೀನು ಎತ್ತಿ ಆಡಿಸಿದ ನನ್ನ ಮಗಳು ಭೂಮಿಗೆ ಈಗ ಆರು ವರ್ಷ. ಅವಳಿಗೂ ಅವ್ವಾ, ಅವಳಿಗೂ...

ನೀನು ನನಗೆ ಮೊದಲು ಕಲಿಸಿದ್ದು ಅಳತೆ ಬರೆಯುವುದನ್ನು. ನೇಸರಗಿಯ ಅರ್ಧ ಹೆಂಗಸರು ನಿನ್ನ ಪುಸ್ತಕದಲ್ಲಿದ್ದರು, ಒಬ್ಬೊಬ್ಬರಿಗೆ ಒಂದು ಪುಟ. ಕೊರಳ ಸುತ್ತಳತೆ ಇದ್ದದ್ದು ಮಾತ್ರ ಮೂರೇ ಪುಟಗಳಲ್ಲಿ: ನಿನ್ನನ್ನು ಹೆತ್ತ ಆಯಿ, ಚಚಡಿಯ ದೊಡ್ಡವ್ವ, ನೀನು. ಕೊರಳಲ್ಲೆದ್ದ ಗಂಟು ಕಾಣಬಾರದೆಂದು ಅದನ್ನು ಮುಚ್ಚುವ ಪಟ್ಟಿಯ ಜಂಪರ್ ತೊಡುತ್ತಿದ್ದವರು ನೀವು ಮೂವರೇ. “ನಮ್ಮ ಮನಿ ಹೆಣ್ಮಕ್ಕಳ ಕೊಳ್ಳಾಗ ದೇವ್ರು ಬಂಗಾರ ಹಾಕಲಿಲ್ಲ, ಇದೊಂದು ಗುಂಡು ಹಾಕ್ಯಾನ ನೋಡ” ಎಂದು ದೊಡ್ಡವ್ವ ನಗುತ್ತಿದ್ದಳು. “ಅಲ್ಲಾಡಬ್ಯಾಡ ಅಕ್ಕಾ, ಸೂಜಿ ಚುಚ್ಚತೈತಿ” ಎನ್ನುತ್ತ ನೀನು ಪಟ್ಟಿಯನ್ನು ಅರ್ಧ ಇಂಚು ಸಡಿಲ ಮಾಡುತ್ತಿದ್ದೆ. ಪ್ರತಿ ವರ್ಷ ಅರ್ಧ ಇಂಚು. ಸಡಿಲ ಮಾಡಿದರೆ ಸಾಕು ಎಂದುಕೊಂಡಿದ್ದೆವಲ್ಲ ಅವ್ವಾ.

ಬೈಲಹೊಂಗಲದಲ್ಲಿ ನೀನು ರಕ್ತ ಕೊಟ್ಟ ದಿನ ನೆನಪಿದೆಯೇ? ಥೈರಾಯ್ಡ್ ನಾರ್ಮಲ್ ಎಂದು ಚೀಟಿ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ, “ಏನೂ ಇಲ್ಲಂತ ನೋಡ. ಸುಮ್ನ ಅಂಜಿಸಿದ್ರಿ ನನ್ನ” ಅಂದೆ. ರಕ್ತ ಸರಿ ಇದ್ದರೂ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ನೀನು ಅಷ್ಟು ಖುಷಿಯಾಗಿದ್ದೆ, ನಾನು ಬಾಯಿ ತೆರೆಯಲಿಲ್ಲ. ಆ ಒಂದು ಮಾತು ಆಡಿದ್ದರೆ ನೀನು ಈಗ ಇಲ್ಲಿ... ನೀನು ಹೋದ ಈ ಎರಡು ವರ್ಷದಿಂದ ಆ ಚಹಾದಂಗಡಿಯ ಮುಂದೆ ತಲೆಯೆತ್ತಿ ನಡೆದಿಲ್ಲ ನಾನು.

ಹೋದ ವರ್ಷ ತಾಳಿಯ ದಾರ ಬದಲಿಸುವಾಗ ನನ್ನ ಕೊರಳಲ್ಲೂ ಬೆರಳಿಗೆ ಗಂಟು ಸಿಕ್ಕಿತು. ಬೆಳಗಾವಿಗೆ ಹೋದೆ. “ಮನ್ಯಾಗ ಮತ್ತ ಯಾರಿಗರ ಇತ್ತೇನವ್ವ?” ಎಂದು ಡಾಕ್ಟರಮ್ಮ ಕೇಳಿದರು. ಬರುವಾಗ ಲೈನಿಂಗ್ ಬಟ್ಟೆ ತರಬೇಕೆಂದು ನಿನ್ನ ಪುಸ್ತಕ ಚೀಲದಲ್ಲಿಟ್ಟುಕೊಂಡಿದ್ದೆ. ಅದನ್ನೇ ಅವರ ಮುಂದೆ ಸರಿಸಿ ಮೂರು ಪುಟ ತೋರಿಸಿದೆ. ಒಂದೊಂದು ಪುಟದಲ್ಲೂ ವರ್ಷ ವರ್ಷ ಏರಿದ ಇಂಚು: ಹದಿಮೂರು, ಹದಿಮೂರೂವರೆ, ಹದಿನಾಲ್ಕು... ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಸೂಜಿ ಪರೀಕ್ಷೆ ಆಯಿತು, ಆಮೇಲೆ ಜೀನ್ ಪರೀಕ್ಷೆ. “ನೀವು ಕಾಗದ ಇಟ್ಟು ಬಟ್ಟಿ ಕತ್ತರಸ್ತೀರಲ್ಲ, ಹಂಗ ತಿಳ್ಕೊ. ಮಕ್ಕಳಿಗೆ ತಾಯಿದೊಂದು ಕಾಗದ, ತಂದಿದೊಂದು ಕಾಗದ. ನಿಮ್ಮವ್ವನ ಹಂತ್ಯಾಕ ಇದ್ದ ಎರಡರಾಗ ಒಂದು ಹರದಿತ್ತು. ನಿನಗ ಆ ಹರದದ್ದ ಬಂದೈತಿ” ಅಂದರು. ಅದು ಬರೀ ಗಂಟಲ್ಲ ಅವ್ವಾ, ಥೈರಾಯ್ಡಿನ ಕ್ಯಾನ್ಸರ್. ನಿನ್ನ ಹೊಟ್ಟೆ ಸದಾ ಕೆಡುತ್ತಿದ್ದುದೂ ಅದರಿಂದಲೇ ಇರಬೇಕಂತೆ. ನಾವು ಮೆಣಸಿನಕಾಯಿಗೆ ಬೈಯುತ್ತಿದ್ದೆವು.

ನನ್ನ ಕೊರಳಿನದನ್ನು ತೆಗೆದರು. ಆದರೆ ಅದು ಅಷ್ಟರಲ್ಲೇ ಕೆಳಗಿಳಿದಿತ್ತು, ಎದೆಯ ಕಡೆಗೆ. ಪೂರ್ತಿ ಹೋಗಿಲ್ಲ. ಮೊದಲೇ ಮಾತು ಕಡಿಮೆ, ಈಗ ದನಿಯೂ ಗಾಳಿಯಂತಾಗಿದೆ. ಆಮೇಲೆ ಭೂಮಿಯ ರಕ್ತ ತೆಗೆದರು. ಅವಳಿಗೆ ಒಳ್ಳೆಯ ಕಾಗದ ಸಿಕ್ಕಿರಲಿ ಎಂದು ಸವದತ್ತಿಯ ಗುಡ್ಡ ಹತ್ತಿ ಬೇಡಿಕೊಂಡೆ. ಸಿಗಲಿಲ್ಲ ಅವ್ವಾ. ನಾನು ಕೊಟ್ಟದ್ದು ಅದನ್ನೇ. ಗಂಟು ಏಳುವ ಮೊದಲೇ ಥೈರಾಯ್ಡ್ ಗ್ರಂಥಿ ತೆಗೆದುಬಿಟ್ಟರೆ ಅವಳು ಎಲ್ಲರ ಹಾಗೆ ಬದುಕಬಹುದಂತೆ, ದಿನಾ ಬೆಳಿಗ್ಗೆ ಒಂದು ಗುಳಿಗೆ ನುಂಗಿಕೊಂಡು. ತಡ ಮಾಡಬೇಡಿ ಅಂದರು. ಮುರಗೋಡದ ಗಂಡನ ಮನೆಯಲ್ಲಿ ಒಪ್ಪುವವರು ಯಾರು?

ಮೊನ್ನೆ ಅಂಗಳದಲ್ಲಿ ಭೂಮಿ ಕುಂಟೆಬಿಲ್ಲೆ ಆಡುತ್ತಿದ್ದಳು. ನನ್ನ ಗಂಡ ಅವಳನ್ನೇ ತೋರಿಸಿ, “ನೋಡ ಅಕಿನ್ನ. ಏನಾಗೇತಿ ಅಕಿಗೆ? ಜಿಗದಾಡೋ ಕೂಸಿನ ಕುತ್ತಿಗಿ ಕೊಯ್ಯಾಕ ಕೊಡ್ತೀಯೇನ? ನಿನಗ ಕೊಯ್ದು ಏನ ಉದ್ಧಾರ ಮಾಡ್ಯಾರ?” ಅಂದ. “ಕೊಳ್ಳಾಗ ಗೆರಿ ಇದ್ದ ಹುಡಿಗೀನ ನಾಳೆ ಯಾರ ಮಾಡ್ಕೋತಾರಬೇ?” ಎಂದು ನನ್ನತ್ತೆ. ನೀನಿದ್ದಿದ್ದರೆ ಏನು ಹೇಳುತ್ತಿದ್ದೆ? ಪಟ್ಟಿ ಜಂಪರ್ ಹೊಲಿದುಕೊಡು ಅನ್ನುತ್ತಿದ್ದೆಯಾ? ಸಿಟ್ಟು ಬಂತು ಅವ್ವಾ, ನಿನ್ನ ಮೇಲೂ.

ಬಸ್‌ಸ್ಟ್ಯಾಂಡಿನ ಆ ಚಹಾ ನೆನಪಾಯಿತು. ಇನ್ನೊಮ್ಮೆ ಸುಮ್ಮನಿರಲಾರೆ ಅನ್ನಿಸಿತು. ಪುಸ್ತಕ ತಂದು ಅವನ ಮುಂದಿಟ್ಟೆ. ಆಯಿಯ ಪುಟ ನೋಡಿದ, ದೊಡ್ಡವ್ವನದು ನೋಡಿದ, ನಿನ್ನದು ನೋಡಿದ. ಬೆರಳಿಟ್ಟು ಅಂಕಿ ಓದುತ್ತ ಕೆಳಗೆ ಬಂದ.

“ಹದಿನೈದ ಆದಮ್ಯಾಲ ಯಾಕ ಬರದಿಲ್ಲ?”

“ಆಮ್ಯಾಲ ಅಳತಿ ಕೊಡಾಕ ಅವ್ರ ಇರಲಿಲ್ಲರಿ” ಅಂದೆ. ಗಾಳಿಯಂಥ ದನಿ, ಆದರೂ ಅತ್ತೆಗೂ ಕೇಳಿಸಿತು.

  ಅವನು ಪುಸ್ತಕ ಮುಚ್ಚಿ, “ಬೆಳಗಾಂವಿಗೆ ಮುಂಜಾನಿ ಬಸ್ಸು ಎಷ್ಟಕ್ಕ?” ಎಂದು ಕೇಳಿದ.

ಸೋಮವಾರ ಹೋಗುತ್ತೇವೆ ಅವ್ವಾ.  ಭೂಮಿಗೊಂದು ಫ್ರಾಕು ಹೊಲಿದಿದ್ದೇನೆ. ಕೊರಳು ಅಗಲ ಬಿಟ್ಟಿದ್ದೇನೆ. ಗೆರೆ ಕಂಡರೆ ಕಾಣಲಿ. ನಿನ್ನ ಪುಸ್ತಕದಲ್ಲಿ ಅವಳಿಗೂ ಒಂದು ಪುಟ ತೆಗೆದು, ಹತ್ತೂವರೆ ಎಂದು ಬರೆಸಿ, ಕೆಳಗೆ ಪೂರಾ ಜಾಗ ಬಿಟ್ಟಿದ್ದೇನೆ. ಪ್ರತಿ ವರ್ಷ ಅಳೆಯುತ್ತೇನೆ. ನನ್ನಿಂದ ಆಗದ ವರ್ಷ ಬಂದರೆ... ಟೇಪು ಹಿಡಿಯುವುದನ್ನು ಈಗಲೇ ಕಲಿಸುತ್ತಿದ್ದೇನೆ. ನಿನ್ನೆ ಆ ಹತ್ತೂವರೆಯನ್ನು ಬರೆದದ್ದು ಅವಳೇ.

ನಿನ್ನ ಮಗಳು