ನಿಮ್ಮ ಮುಂದಿನ ದಿನಾಂಕ ಮತ್ತು ನನ್ನ ಬೆನ್ನ ಮಚ್ಚೆ

ದೊಡ್ಡಾಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ರೋಗಿಗಳಿಗೆ ದಿನಾಂಕ ದಯಪಾಲಿಸುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಬೆನ್ನ ಮೇಲೊಂದು ಮಚ್ಚೆಯಿದೆ. ಅದನ್ನು ಪರೀಕ್ಷಿಸಲು ತಾವು ಮೂರು ಬಾರಿ ದಿನಾಂಕ ಕೊಟ್ಟು ಮೂರು ಬಾರಿಯೂ ಮುಂದೂಡಿದ್ದೀರಿ. ಮೊದಲ ಸಲ ಯಂತ್ರ ಕೆಟ್ಟಿತ್ತು. ಎರಡನೆಯ ಸಲ ತಜ್ಞರು ತರಬೇತಿಗೆ ಹೋಗಿದ್ದರು. ಮೂರನೆಯ ಸಲ ಕಾರಣ ಹೇಳುವ ಕಷ್ಟವನ್ನೂ ತಾವು ತೆಗೆದುಕೊಳ್ಳಲಿಲ್ಲ. ಪ್ರತಿ ಸಲ ನನ್ನ ಮೊಬೈಲಿಗೆ ಬಂದ ಸಂದೇಶದ ಕೊನೆಯ ಸಾಲು ಮಾತ್ರ ಬದಲಾಗಿಲ್ಲ: "ಮಚ್ಚೆಯ ಗಾತ್ರ, ಬಣ್ಣ ಅಥವಾ ಅಂಚಿನಲ್ಲಿ ಬದಲಾವಣೆ ಕಂಡುಬಂದಲ್ಲಿ ತಿಳಿಸಿ. ಆತಂಕ ಬೇಡ." ಈ ಸಾಲನ್ನು ಬರೆದ ಮಹನೀಯರಿಗೆ ಬೆನ್ನು ದೇಹದ ಯಾವ ಕಡೆಗಿರುತ್ತದೆ ಎಂದು ಯಾರಾದರೂ ತಿಳಿಸಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಬೇಡ, ಒಪ್ಪಿದೆ. ಬೆನ್ನಿನ ಮಚ್ಚೆಗೆ ಏನು ಮಾಡಬೇಕು, ಅದನ್ನು ಹೇಳಿ.

ನಾನು ದರ್ಜಿ ಹೆಂಗಸು. ಸಿದ್ಧ ಉಡುಪಿನ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಕೂತು, ಕೊಂಡವರ ಮೈಗೆ ಹೊಂದದ ಬಟ್ಟೆಗಳನ್ನು ಹೊಂದಿಸಿಕೊಡುವುದು ನನ್ನ ಕೆಲಸ. ಬಿಡದ ಕೆಮ್ಮಿಗೆ ಔಷಧಿ ಬರೆಸಿಕೊಳ್ಳಲು ನಮ್ಮ ಬೀದಿಯ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು "ಉಸಿರು ಎಳ್ಕೊಳ್ಳಿ, ಬಿಡಿ, ಎಳ್ಕೊಳ್ಳಿ" ಎನ್ನುತ್ತಿದ್ದವರು ನಡುವೆ ಸುಮ್ಮನಾಗಿಬಿಟ್ಟರು. ಎಳೆದುಕೊಂಡ ಉಸಿರನ್ನು ಬಿಡಬೇಕೋ ಬೇಡವೋ ತಿಳಿಯದೆ ನಾನು ಕೂತಿದ್ದೆ.

"ಈ ಮಚ್ಚೆ ಯಾವಾಗಿಂದ ಇದೆ?"

"ಹುಟ್ಟಿದಾಗಿಂದ್ಲೂ ಇದೆ ಡಾಕ್ಟ್ರೇ."

"ಮೊದಲಿಂದ್ಲೂ ಹೀಗೇ ಇತ್ತಾ?"

ಕೆಮ್ಮು ವಾರದಲ್ಲಿ ಹೋಯಿತು, ಆ ಪ್ರಶ್ನೆ ಹೋಗಲಿಲ್ಲ. ಅವರು ಚೀಟಿ ಬರೆದು ನಿಮ್ಮಲ್ಲಿಗೆ ಕಳಿಸಿದರು. ತಡೆಯಲಾರದೆ ಖಾಸಗಿಯವರ ಬಳಿಗೂ ಹೋದೆ. ಕತ್ತರಿಸಿ ಪರೀಕ್ಷೆ ಮಾಡುವ ಸೌಲಭ್ಯ ನಿಮ್ಮಲ್ಲೇ ಇರುವುದೆಂದು ಅವರೂ ನಿಮ್ಮ ಬಾಗಿಲನ್ನೇ ತೋರಿಸಿದರು.

ಚಿಕ್ಕಂದಿನಲ್ಲಿ ನನಗೆ ಸ್ನಾನ ಮಾಡಿಸುವಾಗ ಅಮ್ಮ ಆ ಮಚ್ಚೆಯನ್ನು ಬೆರಳಿನಿಂದ ಒತ್ತಿ "ಟ್ರಿಣ್, ಮನೇಲಿ ಯಾರಿದ್ದೀರಿ?" ಎಂದು ಕೇಳುತ್ತಿದ್ದಳು. ನಾನು "ಯಾರೂ ಇಲ್ಲ" ಎನ್ನಬೇಕು, ಆಮೇಲೆ ಇಬ್ಬರೂ ನಗಬೇಕು. ಅಮ್ಮ ತೀರಿಕೊಂಡ ಮೇಲೆ ಆ ಕರೆಗಂಟೆಯನ್ನು ಮರೆತೇಬಿಟ್ಟಿದ್ದೆ. ಈಗ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತಾಗ, ಬಸ್ಸಿನಲ್ಲಿ ಹಿಂದೆ ಯಾರಾದರೂ ನಿಂತಾಗ, ಅದನ್ನು ಯಾರೋ ಒತ್ತಿದಂತಾಗುತ್ತದೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ನಾನು ಕೂತರೆ ಅದೂ ಕೂರುತ್ತದೆ. ಮಲಗಿದರೆ ನನಗೂ ಹಾಸಿಗೆಗೂ ನಡುವೆ ಅದು ಮಲಗುತ್ತದೆ. ಆತಂಕ ಬೇಡವೆಂದು ತಾವು ಅಪ್ಪಣೆ ಕೊಡಿಸಿದ್ದೀರಿ, ನಿಜ, ಆದರೆ ಮಚ್ಚೆಗೆ ಓದು ಬರುವುದಿಲ್ಲ.

ಅಂಗಡಿಯ ಟ್ರಯಲ್ ರೂಮಿನಲ್ಲಿ ಮೂರು ಕಡೆಗೂ ಕನ್ನಡಿಗಳಿವೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಳಗೆ ಹೋಗಿ ಚಿಲಕ ಹಾಕಿಕೊಂಡು ಎಷ್ಟು ಸಲ ಕುತ್ತಿಗೆ ತಿರುಚಿದ್ದೇನೋ ಲೆಕ್ಕವಿಲ್ಲ. ಮೈ ಹೊರಳಿಸಿದರೆ ಚರ್ಮವೂ ಹೊರಳಿ ಮಚ್ಚೆ ಉದ್ದವಾಗುತ್ತದೆ, ಹೊರಳಿಸದಿದ್ದರೆ ಕಾಣುವುದೇ ಇಲ್ಲ. ಅಂಗಡಿಯ ಯಜಮಾನರು ಬಾಗಿಲು ಬಡಿದು "ಯಾರಮ್ಮ ಒಳಗೆ? ಗಿರಾಕಿ ಕಾಯ್ತಿದ್ದಾರೆ" ಎಂದಾಗ ಕಳ್ಳಿಯ ಹಾಗೆ ಹೊರಗೆ ಬಂದಿದ್ದೇನೆ. ಗಿರಾಕಿಗಳ ಬೆನ್ನಳತೆ ತೆಗೆಯುವಾಗಲೂ ಈಗ ಕಣ್ಣು ಟೇಪಿನ ಮೇಲೆ ನಿಲ್ಲುವುದಿಲ್ಲ. ಇಷ್ಟು ವರ್ಷ ನನಗೆ ಕಾಣದಿದ್ದ ಮಚ್ಚೆಗಳೆಲ್ಲ ಎಲ್ಲಿದ್ದವು? ಮದುವೆಗೆ ಉಡುಪು ಹೊಂದಿಸಲು ಬಂದ ಹುಡುಗಿಯೊಬ್ಬಳ ಹೆಗಲ ಹಿಂದೆ ಒಂದನ್ನು ಕಂಡು ಬಾಯಲ್ಲಿ ಪಿನ್ನು ಕಚ್ಚಿಕೊಂಡು ನಿಂತೇಬಿಟ್ಟೆ. "ಯಾಕಕ್ಕ, ಫಿಟ್ಟಿಂಗ್ ಸರಿಯಿಲ್ವಾ?" ಎಂದಳು. ಸರಿಯಿದೆ ಎಂದೆ. ಸರಿಯಾಗಿಯೇ ಇತ್ತು.

ಬದಲಾವಣೆ ನೋಡಲು ಬೇರೆಯವರ ಕಣ್ಣು ಬೇಕಾಯಿತು. ಮೊದಲು ಗಂಡನನ್ನು ಕೇಳಿದೆ. ಅವರು ಟಿವಿಯಿಂದ ಅರೆಕ್ಷಣ ಮುಖ ತಿರುಗಿಸಿ "ಹಾಗೇ ಇದ್ಯಲ್ಲ" ಎಂದರು. ಮನೆಗೆ ಹೊಸ ಪರದೆ ಹಾಕಿದಾಗಲೂ ಅವರು ಹೇಳಿದ್ದು ಇದೇ ಮಾತು. ಫೋನಿನಲ್ಲಿ ಫೋಟೊ ತೆಗೆಸಿದೆ. ಟ್ಯೂಬ್‌ಲೈಟಿನಲ್ಲಿ ಕಪ್ಪು, ಬಿಸಿಲಲ್ಲಿ ಕಂದು, ಮೂರನೆಯದರಲ್ಲಿ ಬರೀ ಮಬ್ಬು. ಕೊನೆಗೆ ಆ ಕೆಲಸ ನನ್ನ ಅತ್ತೆಯ ಪಾಲಿಗೆ ಬಂತು.

ನನ್ನ ಅತ್ತೆಯ ವಿಷಯವಾಗಿ ತಮಗೆ ಎರಡು ಮಾತು ಹೇಳಬೇಕು. ಅವರು ಮೊಸರಲ್ಲೂ ಕಲ್ಲು ಹುಡುಕುವವರು. ನಾನು ಒಗೆದ ಬಟ್ಟೆಯಲ್ಲಿ ಕೊಳೆ, ಗುಡಿಸಿದ ನೆಲದಲ್ಲಿ ಕೂದಲು, ಹೊಲಿದ ಅಂಚಿನಲ್ಲಿ ಸೊಟ್ಟ ಅವರಿಗೆ ಸಿಕ್ಕೇ ಸಿಗುತ್ತದೆ. ಇಂಥ ಕಣ್ಣಿಗಿಂತ ನಂಬಿಕೆಯ ಕಣ್ಣು ಇನ್ನೆಲ್ಲಿ ಸಿಗಬೇಕು ಎಂದುಕೊಂಡೆ. ಅಂದಾಜಿನ ಮಾತು ಬೇಡವೆಂದು ಗುಂಡಿಗಳ ಡಬ್ಬಿಯಿಂದ ಒಂದು ಅಂಗಿಯ ಗುಂಡಿ ಆರಿಸಿ ಕೊಟ್ಟೆ. ಅದನ್ನು ಮಚ್ಚೆಯ ಮೇಲಿಟ್ಟರೆ ಮಚ್ಚೆ ಪೂರ್ತಿ ಮುಚ್ಚುತ್ತಿತ್ತು. ಪ್ರತಿದಿನ ಸ್ನಾನಕ್ಕೆ ಮುಂಚೆ ನಾನು ಕಿಟಕಿಯ ಬಳಿ ಬೆನ್ನು ಕೊಟ್ಟು ಕೂರುವುದು, ಅವರು ಕನ್ನಡಕ ಏರಿಸಿಕೊಂಡು ಗುಂಡಿ ಇಡುವುದು.

"ಮುಚ್ಚುತ್ತಾ ಅತ್ತೆ?"

"ಮುಚ್ಚುತ್ತೆ, ಏಳು. ನೀರು ಆರಿಹೋಗುತ್ತೆ."

ಆ ಒಂದು ಮಾತಿನ ಬಲದಲ್ಲಿ ನಾನು ದಿನ ದೂಡುತ್ತಿದ್ದೆ. ತಾವು ಎರಡನೆಯ ಸಲ ಮುಂದೂಡಿದಾಗ ಸಿಟ್ಟು ಕೂಡ ಬರಲಿಲ್ಲ, ಮುಚ್ಚುತ್ತಿದೆಯಲ್ಲ ಎಂದುಕೊಂಡೆ. ಆದರೆ ಕ್ರಮೇಣ ಅತ್ತೆ ಮೆತ್ತಗಾಗತೊಡಗಿದರು. ಸಾರಿಗೆ ಉಪ್ಪು ಹೆಚ್ಚಾದ ದಿನ ಸುಮ್ಮನೆ ಉಂಡರು. ಒಂದು ದಿನ "ನೀನು ಹೊಲಿದ ಅಂಚು ನೋಡು, ಎಷ್ಟು ನೇರ ಇದೆ" ಎಂದರು. ಮಾನ್ಯರೇ, ನಾನು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅಂಥ ಮಾತು ಕೇಳಿದ್ದು ಅದೇ ಮೊದಲು. ಬೇರೆಯವರಾದರೆ ಹಿಗ್ಗುತ್ತಿದ್ದರು. ನನಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು.

ಹೋದ ವಾರ ಅವರ ಕೈಯಿಂದ ಗುಂಡಿ ಜಾರಿ ಮಂಚದ ಕೆಳಗೆ ಉರುಳಿತು. ಮಂಡಿನೋವಿನ ಅತ್ತೆ, ಬಿದ್ದ ಚಮಚ ಎತ್ತಲೂ ನನ್ನನ್ನು ಕೂಗುವವರು, "ನೀನು ಬಿಡು, ನಾನೇ ತಗೋತೀನಿ" ಎಂದು ದಡಬಡ ಬಗ್ಗಿದರು. ಅಷ್ಟರಲ್ಲಿ ನಾನು ಎತ್ತಿಕೊಂಡಿದ್ದೆ. ಬೆನ್ನಿಗೆ ತಿಳಿಯದ್ದು ಬೆರಳಿಗೆ ತಿಳಿಯಿತು. ಅದು ಕೋಟಿನ ಗುಂಡಿ.

"ಯಾವಾಗ ಬದಲಾಯಿಸಿದ್ರಿ ಅತ್ತೆ?"

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು, ಮತ್ತೆ ಹಾಕಿಕೊಳ್ಳಲಿಲ್ಲ.

"ದಿನ ನೆನಪಿಲ್ಲ ಕಣೇ. ಒಂದಿನ ಪಕ್ಕದಲ್ಲಿ ಸ್ವಲ್ಪ ಕಪ್ಪು ಇಣುಕ್ತು. ನನ್ನ ಕೈ ನಡುಗ್ತೋ, ಅದೇ ಬೆಳೀತೋ, ದೇವರಾಣೆಗೂ ಗೊತ್ತಾಗ್ಲಿಲ್ಲ. ನೀನು ಆ ಕಡೆ ಮುಖ ಮಾಡ್ಕೊಂಡು ಉಸಿರು ಬಿಗಿಹಿಡ್ಕೊಂಡು ಕೂತಿದ್ದೆ. ಏನಂತ ಹೇಳ್ಲಿ? ಮಾರನೇ ದಿನ ಡಬ್ಬಿಯಿಂದ ದೊಡ್ಡದೊಂದು ತಗೊಂಡೆ. ಆಮೇಲೆ ನಾನು ಸುಳ್ಳು ಹೇಳೋ ಹಾಗಿರ್ಲಿಲ್ಲ ನೋಡು. ಮುಚ್ಚುತ್ತೆ ಅಂತಿದ್ದೆ, ಮುಚ್ಚುತ್ತಿತ್ತು."

ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಡಬ್ಬಿಯಿಂದ ಅಂಗಿಯ ಗುಂಡಿ ತಂದು ಅವರ ಕೈಗೆ ಕೊಟ್ಟೆ, ಈಗ ಇಟ್ಟು ನೋಡಿ ಎಂದೆ. ಇಟ್ಟರು. ತೆಗೆದು ಮತ್ತೆ ಇಟ್ಟರು. ಆಮೇಲೆ "ಬೇರೆ ಯಾರಿಗಾದ್ರೂ ತೋರ್ಸು, ನನ್ನ ಕಣ್ಣನ್ನ ಇನ್ನು ನಾನೇ ನಂಬಲ್ಲ" ಎಂದರು.

ತಮ್ಮ ಕಚೇರಿಗೆ ಫೋನ್ ಮಾಡಿದೆ. ಬದಲಾವಣೆ ಕಂಡುಬಂದಿದೆ ಎಂದು ತಮ್ಮ ಭಾಷೆಯಲ್ಲೇ ಹೇಳಿದೆ.

"ಯಾವತ್ತಿಂದ ಮೇಡಂ?"

"ಗೊತ್ತಿಲ್ಲಪ್ಪ."

"ಎಷ್ಟು ದೊಡ್ಡದಾಗಿದೆ?"

"ಅಂಗಿ ಗುಂಡಿಗಿಂತ ದೊಡ್ಡದಿರಬಹುದು. ಕೋಟಿನ ಗುಂಡಿಗಿಂತ ಚಿಕ್ಕದು."

"ಹಾಗೆಲ್ಲ ಬರ್ಕೊಳ್ಳೋಕಾಗಲ್ಲ. ನಿಮ್ಮ ಮುಂದಿನ ದಿನಾಂಕ ಮೆಸೇಜ್ ಮಾಡ್ತೀವಿ. ಆತಂಕ ಬೇಡ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದು ಸುಮ್ಮನೆ ಅಲ್ಲ. ತಾವು ಚೆಲ್ಲಾಟ ಆಡುತ್ತಿದ್ದೀರೆಂದು ನಾನು ಹೇಳುತ್ತಿಲ್ಲ. ತಮ್ಮಲ್ಲೂ ಸಾಲು ಉದ್ದ, ಕೈ ಕಡಿಮೆ ಇರಬಹುದು. ಅದು ಬರೀ ಮಚ್ಚೆಯೇ ಆಗಿರಬಹುದು, ನಾವಿಬ್ಬರೂ ಹೆಂಗಸರು ಇಲ್ಲದ ದೆವ್ವವನ್ನು ಸಾಕಿಕೊಂಡಿರಬಹುದು. ಹಾಗಿದ್ದರೆ ಅದನ್ನಾದರೂ ಹೇಳಿ. ಆದರೆ ರೋಗಿಯ ಮೇಲೆ ನಿಗಾ ಇಡುವ ಕೆಲಸವನ್ನು ರೋಗಿಯ ಮನೆಯವರಿಗೆ ವಹಿಸಿದಾಗ ಏನಾಗುತ್ತದೆಂದು ತಾವು ಯಾವತ್ತಾದರೂ ಯೋಚಿಸಿದ್ದೀರಾ? ಗಂಡ ಹೆದರಿಕೆಗೆ ನೋಡುವುದಿಲ್ಲ. ಅವರು ಅಷ್ಟು ಬೇಗ ಮತ್ತೆ ಟಿವಿಯ ಕಡೆ ಮುಖ ತಿರುಗಿಸಿದ್ದು ಯಾಕೆಂದು ನನಗೆ ಈಗ ಅರ್ಥವಾಗಿದೆ. ಅತ್ತೆ ನೋಡುತ್ತಾರೆ, ನೋಡಿದ್ದನ್ನು ಹೇಳಲಾರರು. ಜಗತ್ತಿನಲ್ಲಿ ಎಲ್ಲರಿಗಿಂತ ನಿಷ್ಠುರವೆಂದು ನಾನು ನಂಬಿದ್ದ ಕಣ್ಣುಗಳೇ ನನ್ನ ಬೆನ್ನ ಹಿಂದೆ ದೊಡ್ಡ ಗುಂಡಿ ಹುಡುಕಿಕೊಂಡವು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ನನಗೆ ತಮ್ಮ ಸಮಾಧಾನ ಬೇಡ, ಸಂದೇಶ ಬೇಡ. ನನ್ನ ಮೇಲೆ ಎಳ್ಳಷ್ಟೂ ಪ್ರೀತಿಯಿಲ್ಲದ ಎರಡು ಕಣ್ಣು ಬೇಕು, ಈ ವಾರವೇ ಬೇಕು. ಅವು ನನ್ನ ಬೆನ್ನನ್ನು ನೋಡಲಿ, ಕಂಡದ್ದನ್ನು ಕಂಡ ಹಾಗೆ ಹೇಳಲಿ. ತಮ್ಮ ಕಚೇರಿಯಲ್ಲಿ ಅಂಥ ಕಣ್ಣುಗಳಿಗೆ ಬರವಿಲ್ಲವೆಂದು ಇಷ್ಟು ದಿನದ ಅನುಭವದಿಂದ ಬಲ್ಲೆ.

ಈ ಪತ್ರದ ಜೊತೆ ಎರಡೂ ಗುಂಡಿಗಳನ್ನು ಇಟ್ಟಿದ್ದೇನೆ. ತಮ್ಮ ಮೇಜಿನ ಮೇಲೆ ಒಂದರ ಮೇಲೊಂದಿಟ್ಟು ನೋಡಿ. ಚಿಕ್ಕದರ ಸುತ್ತ ದೊಡ್ಡದರ ಅಂಚು ಎಷ್ಟು ಕಾಣುತ್ತದೋ, ಅಷ್ಟು ಜಾಗದಲ್ಲಿ ನಾವು ಇಡೀ ಸಂಸಾರ ಉಸಿರು ಬಿಗಿಹಿಡಿದು ಕೂತಿದ್ದೇವೆ. ಅತ್ತೆ ಇವತ್ತು ಬೆಳಗ್ಗೆ ಸಾರಿಗೆ ಉಪ್ಪು ಸರಿಯಾಗಿದೆ ಎಂದರು. ಉಪ್ಪು ಹಾಕುವುದನ್ನೇ ನಾನು ಮರೆತಿದ್ದೆ.

ಇಂತಿ,
ಊರಿನವರ ಬೆನ್ನನ್ನೆಲ್ಲ ಅಳೆದು, ತನ್ನದನ್ನು ತಮ್ಮ ಕೈಗೆ ಒಪ್ಪಿಸಿ ಕಾಯುತ್ತಿರುವ
ಒಬ್ಬ ದರ್ಜಿ